ಮೇಲಿನ ಕೋಣೆಗಳ ನಡುವಿನ ಗೋಡೆ

ಹುಬ್ಬಳ್ಳಿ
೧೨-೮-೧೯೬೬

ಅವ್ವಾ, ನಿನ್ನ ಶಿವಬಸವ್ವನ ಶರಣು.

ಮಾಳಮಡ್ಡಿಯಲ್ಲಿ ನೀನು ಆರಾಮ ಇದ್ದೀಯೆಂದು ತಿಳಿದಿದ್ದೇನೆ. ನನಗೆ ಐದು ತಿಂಗಳು ತುಂಬಿ ಆರರಲ್ಲಿ ಬಿತ್ತು. ಏಳರಲ್ಲಿ ಕುಬಸ ಮಾಡಿ ಬಸುರಿಯ ಉಡಿ ತುಂಬಲು ಹಸಿರು ಸೀರೆ ತೆಗೆದಿಟ್ಟ ಸುದ್ದಿಯನ್ನು ನಿನ್ನ ಪತ್ರದಲ್ಲಿ ಓದಿದೆ. ಸಂತೋಷವಾಗಬೇಕಿತ್ತು, ಏನೂ ಆಗಲಿಲ್ಲ.

ಮೊನ್ನೆ ಅಟ್ಟದಿಂದ ಹಪ್ಪಳದ ಡಬ್ಬಿ ಇಳಿಸಲು ಹೋಗಿ ನಾಲ್ಕನೆಯ ಮೆಟ್ಟಿಲಲ್ಲೇ ಉಸಿರು ಸಾಲದೆ ಕುಸಿದು ಕೂತೆ. "ಹಡಿಯೂದು ನಿನಗೊಬ್ಬಾಕಿಗೇ ಬಂದೈತೇನ್ವಾ?" ಎಂದು ಅತ್ತೆಯವರು ನಕ್ಕರು. ಕೆಟ್ಟವರಲ್ಲ ಬಿಡು, ಸಂಜೆ ಅವರೇ ಲೇಡಿ ಡಾಕ್ಟರ ಹತ್ತಿರ ಕರೆದೊಯ್ದರು. ಡಾಕ್ಟರು ಎದೆಗೆ ನಳಿಗೆಯಿಟ್ಟು ಬಹಳ ಹೊತ್ತು ಕೇಳಿಸಿಕೊಂಡು, "ಸಣ್ಣಾಕಿ ಇದ್ದಾಗ ಯಾರರ ಎದಿ ನೋಡಿ ಏನರ ಹೇಳಿದ್ರೇನವಾ?" ಎಂದರು. ಅತ್ತೆಯವರು ಪಕ್ಕದಲ್ಲೇ ಇದ್ದರು. "ಇಲ್ರಿ" ಎಂದೆ. ನೀನು ಕಲಿಸಿದ್ದೇ ಅದು, ನಾಲಿಗೆ ತಾನಾಗಿ ಹೇಳಿಬಿಟ್ಟಿತು.

ಧಾರವಾಡದ ಡಾಕ್ಟರು ಹೇಳಿದಾಗ ನನಗೆ ಹದಿನಾರು. ಹೃದಯದ ಮೇಲಿನ ಎರಡು ಕೋಣೆಗಳ ನಡುವಿನ ಗೋಡೆಯಲ್ಲಿ ಹುಟ್ಟಿನಿಂದಲೇ ತೂತಿದೆ, ವೆಲ್ಲೂರಿಗೆ ಒಯ್ದರೆ ಹೊಲಿಯುತ್ತಾರೆ, ಹೊಲಿಸದೆ ಬಸಿರಾದರೆ ಜೀವಕ್ಕೆ ತೊಂದರೆ ಎಂದಿದ್ದರು. ನೀನು ಎಕ್ಸ್‌ರೇ ಫೋಟೋವನ್ನು ಟ್ರಂಕಿನ ತಳಕ್ಕೆ ಹಾಕಿ, "ತೂತು ಬಿದ್ದ ಹುಡುಗೀನ ಯಾರ ಮಾಡ್ಕೊಂತಾರ? ಬಾಯಿ ಬಿಡಬ್ಯಾಡ" ಎಂದೆ. ಎರಡು ವರ್ಷಕ್ಕೆ ಮದುವೆಯಾಯಿತು. ನಿನ್ನ ಮೇಲೆ ಸಿಟ್ಟಿಲ್ಲ. ಸಿಟ್ಟಿಗೂ ಒಂದಿಷ್ಟು ಕಸುವು ಬೇಕು, ಅದೀಗ ನನ್ನಲ್ಲಿಲ್ಲ.

ಇವರಿಗೆ ಹೇಳಬೇಕೆಂದು ದಿನಾ ಅಂದುಕೊಳ್ಳುತ್ತೇನೆ. ಅರಳೆ ಅಂಗಡಿಯಿಂದ ಬಂದು ಊಟಕ್ಕೆ ಕೂತವರ ಮುಖ ನೋಡಿದರೆ ಬಾಯಿ ಏಳುವುದಿಲ್ಲ. ಮುಚ್ಚಿಟ್ಟುಕೊಂಡೇ ಹಡೆಯಲು ಹೋದರೆ ಸತ್ತೇನು. ಹೇಳಿದರೆ ಮೋಸ ಮಾಡಿದಿರೆಂದು ತವರಿಗೆ ಅಟ್ಟಿಯಾರು. ಎರಡನ್ನೂ ಅಕ್ಕಿ ಆರಿಸುತ್ತಾ ಯೋಚಿಸುತ್ತೇನೆ. ಅಳು ಬರುವುದಿಲ್ಲ, ಕೈ ಮಾತ್ರ ಕಲ್ಲು ಹೆಕ್ಕುತ್ತಿರುತ್ತದೆ.

ಆ ಫೋಟೋ ತೆಗೆದುಕೊಂಡು ಲಗೂನೆ ಬಾ. ಡಾಕ್ಟರಿಗೆ ತೋರಿಸಬೇಕು. ಸೀರೆ ಆಮೇಲೆ ತಂದರಾದೀತು.

ನಿನ್ನ ಮಗಳು,
ಶಿವಬಸವ್ವ

ತಾ.ಕ.: ಈ ಮನೆಯ ಒಂದು ಪದ್ಧತಿ ನಿನಗೆ ಗೊತ್ತಿಲ್ಲ. ಸೊಸೆಯಂದಿರು ಬರೆದ ಪತ್ರವನ್ನು ಮಾವನವರು ಪೂರ್ತಿ ಓದಿಯೇ ಅಂಟಿಸಿ ಅಂಚೆಗೆ ಹಾಕುತ್ತಾರೆ. ಅದಕ್ಕೇ ಇಷ್ಟು ದಿನ ಬರೀ ಆರಾಮ ಇದ್ದೇನೆಂದು ಬರೆಯುತ್ತಿದ್ದೆ.

ಮಾವನವರೇ, ಎದುರು ನಿಂತು ಹೇಳಲು ನನ್ನಿಂದ ಆಗಲಿಲ್ಲ. ಓದಿದ್ದಾದರೆ ಅಂಟಿಸಿ ಕಳಿಸಿರಿ.