ಸಡಿಲ ಗುಂಡು

ಜೂನ್ 14, ಭಾನುವಾರ. ಟಾರ್ನೀಟ್.

ಗೆಳೆಯ ಓಲ್ವಿನ್‌ನ ಸುಟ್ಟ ಬೆರಳು ಕಣ್ಣ ಮುಂದಿನಿಂದ ಹೋಗುತ್ತಿಲ್ಲ.

ಮದ್ದು, ಗುಂಡು ಬೇರೆ ಬೇರೆಯಾಗಿ ತುಂಬುವ ನನ್ನ ಹಳೇ ಮಾದರಿಯ ಪುಟ್ಟ ರಿವಾಲ್ವರ್‌ಗೆ ಹೊಂದುವ ಸೀಸದ ಗುಂಡು ಎರಡು ತಿಂಗಳಿಂದ ಅಂಗಡಿಯಲ್ಲಿಲ್ಲ. ಅದಕ್ಕೇ ಇವತ್ತು ಶೂಟಿಂಗ್ ಕ್ಲಬ್ಬಿನಲ್ಲಿ ಕೋವಿಗೆ ಹಾಕುವ ದಪ್ಪ ಸೀಸದ ಚರೆಯನ್ನೇ ಅದಕ್ಕೆ ತುಂಬಿದೆ. ಸರಿಯಾದ ಗುಂಡಾದರೆ ಒತ್ತಿ ಕೂರಿಸುವಾಗ ಅಂಚಿನಿಂದ ಸೀಸದ ತೆಳು ಉಂಗುರ ಕಳಚಿಕೊಳ್ಳುತ್ತದೆ. ಇವತ್ತು ಗುಂಡು ಕೂರುವ ಗೂಡುಗಳಲ್ಲಿ ಒಂದರಲ್ಲಿ ಅದು ಬರಲಿಲ್ಲ. ಗುಂಡು ಸಡಿಲವಾಗಿದೆ, ಪಕ್ಕದ ಗೂಡಿನ ಕಿಡಿ ಒಳಗಿನ ಮದ್ದಿಗೆ ತಗಲಬಹುದು ಎಂದು ನನಗೆ ಗೊತ್ತಿತ್ತು. ಏನೂ ಆಗುವುದಿಲ್ಲ ಎಂದುಕೊಂಡು ಓಲ್ವಿನ್ ಕೈಗೆ ಕೊಟ್ಟೆ.

ಎರಡು ಗುಂಡು ಒಟ್ಟಿಗೇ ಸಿಡಿದವು. “ನಾನೇ ಏನೋ ತಪ್ಪು ಮಾಡಿದೆ ಮಾರಾಯ, ಸಾರಿ” ಎಂದು ಅವನೇ ಕ್ಷಮೆ ಕೇಳಿದ. ನಾನು ಬ್ಯಾಂಡೇಜ್ ಸುತ್ತುತ್ತಾ ಸುಮ್ಮನಿದ್ದೆ.

ಮನೆಗೆ ಬಂದ ಮೇಲೆ ಕೂತಲ್ಲಿ ಕೂರಲಾಗಲಿಲ್ಲ. ಊಟಕ್ಕೆ ಮುಂಚೆ ಫೋನ್ ಮಾಡಿ ಹೇಳಿಬಿಟ್ಟೆ: “ತಪ್ಪು ನಂದು ಓಲ್ವಿನ್. ಗುಂಡು ಲೂಸ್ ಇತ್ತು. ಗೊತ್ತಿದ್ದೂ ಕೊಟ್ಟೆ.”



“ನನ್ನ ಮಗಳು ಬದಿಯಲ್ಲೇ ನಿಂತಿದ್ದಳಲ್ಲ, ಕರಿಯಪ್ಪ” ಎಂದಷ್ಟೇ ಹೇಳಿ ಅವನು ಫೋನ್ ಇಟ್ಟ.

ನಾನು ಅವಳ ಬಗ್ಗೆ ಯೋಚಿಸಿಯೇ ಇರಲಿಲ್ಲ. ಅವನು ಬಾಯಿಗೆ ಬಂದಂತೆ ಬೈದಿದ್ದರೆ ಈಗ ನಿದ್ದೆಯಾದರೂ ಬರುತ್ತಿತ್ತೇನೋ...