ಫ್ರೀಟೌನಿನಲ್ಲಿ ಉಳಿದ ಸೈನಿಕರು

ಫ್ರೀಟೌನ್, ಮೇ 2000

ಯೆನೊ ಅಕ್ಕನಿಗೆ ಸೆಂಟೊಳ ಸಲಾಮು.

ಮಕೆನಿಯಿಂದ ಓಡಿಬಂದ ನಮ್ಮನ್ನು ದಂಗೆಕೋರರು ಇಲ್ಲಿಗೂ ಬೆನ್ನಟ್ಟಿ ಬರುತ್ತಿದ್ದರು. ಅಷ್ಟರಲ್ಲಿ ಬ್ರಿಟಿಷ್ ಸೈನಿಕರು ಇಲ್ಲಿದ್ದ ತಮ್ಮ ದೇಶದವರನ್ನು ಕರೆದೊಯ್ಯಲು ಹೆಲಿಕಾಪ್ಟರಿನಲ್ಲಿ ಬಂದಿಳಿದರು. ಮರಗೆಣಸಿನ ಸೊಪ್ಪು ಮಾರುವ ಯಾಬೊಮ್ ಅಜ್ಜಿ ಒಬ್ಬ ಸೈನಿಕನಿಗೆ ಅಡ್ಡ ನಿಂತಳು.

"ನಿಮ್ಮೋರು ಮಾತ್ರ ಮನುಷ್ಯರೇನಪ್ಪಾ? ನಮ್ಮನ್ನ ಯಾರ ಕೈಗೆ ಬಿಟ್ಟು ಹೋಗ್ತೀಯ?"

"ಅದು ನನ್ನ ಕೈಲಿಲ್ಲಮ್ಮ," ಎಂದು ಅವನು ತಲೆ ತಗ್ಗಿಸಿದ.

ನನ್ನ ಗಂಡ ಅಜ್ಜಿಯ ಮೇಲೆ ರೇಗಿದ: "ನಮ್ಮನೆ ಜಗಳಕ್ಕೆ ಹೊರಗಿನೋರ ಬಂದೂಕು ಯಾಕಜ್ಜಿ? ಆಮೇಲೆ ಹೋಗಿ ಅಂದ್ರೆ ಹೋಗ್ತಾರಾ?"

"ಮೊದ್ಲು ಬದುಕೋಣ ಕಣೋ. ಆಮೇಲೆ ನಾನೇ ಅವರನ್ನ ಓಡಿಸ್ತೀನಿ!"

ತಮ್ಮವರನ್ನು ಕಳಿಸಿದ ಮೇಲೂ ಆ ಸೈನಿಕರು ಇಲ್ಲೇ ಉಳಿದು, ಊರಿಗೆ ಬರುವ ದಾರಿಗಳಲ್ಲಿ ಕಾವಲು ನಿಂತಿದ್ದಾರೆ. ನಿನ್ನೆ ಶಾಲೆ ತೆರೆಯಿತು. ಓಡಿಬರುವಾಗ ಮಗಳಿಗೆ ಬಂದಿದ್ದ ಜ್ವರ ಇಳಿದಿದೆ. ಗಡಿಯಾಚೆ ನಿನ್ನಲ್ಲಿಗೆ ಬರಲೆಂದು ಕಟ್ಟಿದ್ದ ಗಂಟನ್ನು ಬಿಚ್ಚಿದ್ದೇನೆ. ಇನ್ನು ನೀನೇ ಹೊರಟು ಬಾ.