ಬಾಗಿಲ ಮೇಲಿನ ಎರಡು ಬೊಟ್ಟು

ಆಳೂರು, ಮುಚ್ಚುತಿಂಗಳು 9, 2417

ಮಾನ್ಯರೇ,

ಮುಚ್ಚುತಿಂಗಳು ನಿಮ್ಮ ಪಂಚಾಂಗದಲ್ಲಿ ಇಲ್ಲ. ಅದು ನಮ್ಮ ಹದಿಮೂರನೆಯ ತಿಂಗಳು. ಹೊರಗಿನ ಝಳ ಒಳಗೆ ಬಾರದಂತೆ ಗಣಿಯ ಬಾಯಿ ಮುಚ್ಚಿ ಎಲ್ಲರೂ ಕೆಳಗೇ ಉಳಿಯುವ ಅವಧಿ. ಇಂಥ ಇನ್ನೂ ಕೆಲವು ಮಾತುಗಳು ಮುಂದೆ ಬರುತ್ತವೆ. ನಿಮ್ಮ ಕಾಲದ ಕನ್ನಡವನ್ನು ನಾನು ಹಳೆಯ ದಿನಪತ್ರಿಕೆಗಳಿಂದ ಕಲಿತವನು. ಎಲ್ಲಾದರೂ ವಿಚಿತ್ರವೆನಿಸಿದರೆ ಕ್ಷಮಿಸಿ.

ಆಳೂರು ಎಂಬುದು ರಾಯಚೂರು ಸೀಮೆಯ ಹಳೆಯ ಚಿನ್ನದ ಗಣಿಯೊಂದರ ಸುರಂಗಗಳಲ್ಲಿ ನೆಲೆಸಿದ ಊರು. ನಾನು ಇಲ್ಲಿನ ಗೋಡೆಪತ್ರಿಕೆಯ ವರದಿಗಾರ. ಗಣಿಯ ಒಂದೊಂದು ಅಂತಸ್ತನ್ನು ಮಜಲು ಎನ್ನುತ್ತೇವೆ; ಪ್ರತಿದಿನ ನಾಲ್ಕನೇ ಮಜಲಿನ ಗೋಡೆಯ ಮೇಲೆ ಊರಿನ ಸುದ್ದಿ ಬರೆಯುತ್ತೇನೆ. ನಮ್ಮ ಸಂಶೋಧನಾಲಯದ ಹೆಸರು ಮೂರುಮನೆ. ಭೌತಶಾಸ್ತ್ರ, ಜೀವಕೋಶ ವಿಜ್ಞಾನ, ಸಮಾಜಶಾಸ್ತ್ರ ಮೂರೂ ಅಲ್ಲಿ ಒಂದೇ ಸೂರಿನಡಿ ಇವೆ. ಭೌತಶಾಸ್ತ್ರದ ಯಂಕೋಬ ಅವರು ಗಣಿಯ ತಳದಲ್ಲಿ ಕಾಲದ ಹಿಂದಕ್ಕೆ ಹೋಗುವ ಒಂದು ಕಿರಿದಾದ ದಾರಿಯನ್ನು ಕಂಡುಕೊಂಡಿದ್ದಾರೆ. ಅದರಲ್ಲಿ ಅಕ್ಷರಗಳು ಮಾತ್ರ ಹೋಗುತ್ತವೆ, ಅದೂ ಒಂದು ಪತ್ರದಷ್ಟು. ಉತ್ತರ ಬರುವುದಿಲ್ಲ. ಏನು ಬರೆಯಬೇಕೆಂದು ಮೂರು ವಿಭಾಗದವರಿಗೂ ಒಮ್ಮತವಾಗದ್ದರಿಂದ ಕೆಲಸ ನನ್ನ ಪಾಲಿಗೆ ಬಂತು.

ನಾವು ಉಣ್ಣುವುದು ಕೋಶಗಂಜಿ. ಉಪ್ಪುನೀರಿನಲ್ಲಿ ಬೆಳೆಸಿದ ಜೀವಕೋಶಗಳ ಗಂಜಿ ಅದು. ನೀವು ಹಾಲಿಗೆ ಹೆಪ್ಪು ಹಾಕಿ ಮೊಸರು ಮಾಡುವಂತೆ, ನಿನ್ನೆಯ ಗಂಜಿಯ ಒಂದು ಚಮಚ ಉಳಿಸಿ ಇಂದಿನ ಮಡಿಕೆಗೆ ಹಾಕಿದರೆ ಸಾಕು, ಕೋಶಗಳು ಒಡೆದು ಎರಡಾಗುತ್ತಾ ಮಡಿಕೆ ತುಂಬುತ್ತವೆ. ಅದನ್ನೂ ಹೆಪ್ಪು ಎಂದೇ ಕರೆಯುತ್ತೇವೆ. ಮೊದಲು ಮನೆಮನೆಗೂ ಬೇರೆ ಹೆಪ್ಪು ಇತ್ತು. ಮದುವೆಯಾದ ಹೆಣ್ಣು ತವರಿನಿಂದ ತಂದು ಗಂಡನ ಮನೆಯ ಹೆಪ್ಪಿನ ಜೊತೆ ಬೆರೆಸುತ್ತಿದ್ದಳು. ಒಂದು ಮನೆಯ ಗಂಜಿ ಹುಳಿ, ಇನ್ನೊಂದರದು ಸಪ್ಪೆ. ನೆಂಟರ ಮನೆಯಲ್ಲಿ ಉಂಡು ಬಂದವರು ಅದನ್ನು ಆಡಿಕೊಳ್ಳದೆ ಬಿಡುತ್ತಿರಲಿಲ್ಲ.

ಏಳು ವರ್ಷದ ಹಿಂದೆ ಯಂಕೋಬ ಅವರು ಒಂದು ಸಮೀಕರಣ ಬರೆದರು. ಕಣಗಳು ಗುಂಪುಗೂಡುವುದು, ಕೋಶಗಳು ಹೆಚ್ಚುವುದು, ಜನ ಓಣಿಯಿಂದ ಓಣಿಗೆ ಹೋಗುವುದು ಎಲ್ಲವನ್ನೂ ಅದರಿಂದ ಲೆಕ್ಕ ಹಾಕಬಹುದಿತ್ತು. ಯಾವ ಓಣಿಗೆ ಎಷ್ಟು ಗಂಜಿ ಬೇಕೆಂದು ಮುಂಚೆಯೇ ತಿಳಿಯುವಂತಾಯಿತು. ಒಂದೇ ತೊಡಕು: ಹೆಪ್ಪುಗಳು ಬೇರೆಬೇರೆ ಇದ್ದರೆ ಲೆಕ್ಕ ತಪ್ಪುತ್ತಿತ್ತು. ಆದ್ದರಿಂದ ಊರಿಗೆಲ್ಲ ಒಂದೇ ಹೆಪ್ಪು ಇರಲಿ, ಗಂಜಿ ದೊಡ್ಡ ತೊಟ್ಟಿಗಳಲ್ಲಿ ಮಾತ್ರ ಬೆಳೆಯಲಿ ಎಂದು ಊರಿನ ಆಡಳಿತ ಮಂಡಳಿ ತೀರ್ಮಾನಿಸಿತು. ಜೀವಕೋಶ ವಿಭಾಗದ ಸಬಿಹಾ ಬೇಗಂ ಎಲ್ಲಕ್ಕಿಂತ ವೇಗವಾಗಿ ಬೆಳೆಯುವ ಹೆಪ್ಪನ್ನು ಆರಿಸಿಕೊಟ್ಟರು.

ಮನೆಯಲ್ಲಿ ಯಾರು ಹೆಪ್ಪು ಉಳಿಸಿಕೊಂಡಿದ್ದಾರೆಂದು ತಿಳಿಯಲು ಸಮಾಜಶಾಸ್ತ್ರದ ಅಮರೇಶ ಮನೆಮನೆ ತಿರುಗಿದರು. ನಿಮ್ಮ ಹೆಸರು ಯಾರಿಗೂ ಹೇಳುವುದಿಲ್ಲ ಎಂದು ಪ್ರತಿ ಮನೆಯಲ್ಲೂ ಮಾತು ಕೊಟ್ಟರು. ಜನ ನಿಜ ಹೇಳಿದರು. ಅಮರೇಶ ಹೆಸರು ಹೇಳಲೂ ಇಲ್ಲ. ಆದರೆ ನಮ್ಮಲ್ಲಿ ಗಣತಿ ಮುಗಿದ ಮನೆಯ ಬಾಗಿಲಿಗೆ ಸುಣ್ಣದ ಒಂದು ಬೊಟ್ಟು ಇಡುವ ಪದ್ಧತಿ ಇದೆ. ಮತ್ತೊಮ್ಮೆ ಬಂದು ಮಾತಾಡಿಸಲು ಗುರುತು ಇರಲಿ ಎಂದು ಅಮರೇಶ ಹೆಪ್ಪಿದ್ದ ಮನೆಗಳಿಗೆ ಎರಡು ಬೊಟ್ಟು ಇಟ್ಟಿದ್ದರು. ಮಂಡಳಿಯ ಕಾವಲಿನವರು ಎರಡು ಬೊಟ್ಟಿನ ಬಾಗಿಲು ತಟ್ಟಿ, ಒಳಗೆ ಹೋಗಿ, ಮಡಿಕೆಗಳಿಗೆ ಕುದಿಯುವ ನೀರು ಸುರಿದರು. ಅದನ್ನು ನಾನು ಗೋಡೆಯ ಮೇಲೆ ‘ಶುದ್ಧೀಕರಣ ಯಶಸ್ವಿ’ ಎಂಬ ತಲೆಬರಹದಡಿ ಬರೆದೆ.

ಈಗ ಆ ಒಂದೇ ಹೆಪ್ಪು ಸಾಯುತ್ತಿದೆ. ಕೋಶಗಳಿಗೆ ವಯಸ್ಸಾಗಿದೆ, ಒಡೆಯುವುದನ್ನೇ ನಿಲ್ಲಿಸಿವೆ ಎಂದು ಸಬಿಹಾ ಹೇಳುತ್ತಾರೆ. ಸಮೀಕರಣದ ಪ್ರಕಾರ ಹಾಗಾಗಕೂಡದು. ಐದು ತೊಟ್ಟಿಗಳಲ್ಲಿ ಮೂರು ಬರೀ ಕೆಸರು ನೀರಾಗಿವೆ. ಮಕ್ಕಳ ಕಾಲು, ಮುಖ ಬಾತುಕೊಂಡಿವೆ. ಕಳೆದ ವಾರದಿಂದ ಸಾವಿನ ಸುದ್ದಿಗೆ ಗೋಡೆಯಲ್ಲಿ ಜಾಗ ಸಾಲುತ್ತಿಲ್ಲ. ಬೇರೆ ಹೆಪ್ಪು ಒಂದು ಚಮಚ ಸಿಕ್ಕರೂ ತೊಟ್ಟಿಗಳನ್ನು ಉಳಿಸಬಲ್ಲೆ ಎನ್ನುತ್ತಾರೆ ಸಬಿಹಾ.

ಮನೆಯಲ್ಲಿ ಹೆಪ್ಪಿಟ್ಟವರನ್ನು ಕ್ಷಮಿಸಲಾಗಿದೆ ಎಂದು ಮಂಡಳಿ ಡಂಗುರ ಸಾರಿತು. ಯಾರೂ ಬರಲಿಲ್ಲ. ಮೂರನೇ ಮಜಲಿನ ಒಂದು ಮನೆಯ ಮೇಲೆ ಅನುಮಾನ ಬಂದು ಕಾವಲಿನವರು ಹೋದಾಗ, ಅವರ ಹೆಜ್ಜೆಸಪ್ಪಳ ಕೇಳಿ ಮನೆಯವರೇ ಮಡಿಕೆಗೆ ಕುದಿನೀರು ಸುರಿದುಬಿಟ್ಟಿದ್ದರು. ಕಿತ್ತುಕೊಳ್ಳಲು ಹೋದರೆ ಸಿಗುವುದಿಲ್ಲ ಎಂದು ಆಗ ಎಲ್ಲರಿಗೂ ತಿಳಿಯಿತು.

ನಾಲ್ಕು ದಿನದ ಹಿಂದೆ ಅಮರೇಶ ಹೆಪ್ಪು ಕೇಳಿ ನೋಡಲು ಏಳನೇ ಮಜಲಿಗೆ ಹೊರಟರು. ನಾನೂ ಜೊತೆಗಿದ್ದೆ. ಒಂದು ಓಣಿಯಲ್ಲಿ ಮಕ್ಕಳು ಕುಂಟಾಬಿಲ್ಲೆ ಆಡುತ್ತಿದ್ದವು. ಬೇರೆಲ್ಲೂ ಈಗ ಆಡುವ ಮಕ್ಕಳಿಲ್ಲ. ಈ ಮಕ್ಕಳ ಮುಖ ಬಾತಿರಲಿಲ್ಲ. ಓಣಿಯ ಕೊನೆಯ ಮನೆಯ ಹೊಸ್ತಿಲಲ್ಲಿ ಹುಲಿಗೆಮ್ಮ ಕುಳಿತಿದ್ದರು. ಹೋದ ಸಲ ಅವರ ಬಾಗಿಲಿಗೂ ಎರಡು ಬೊಟ್ಟು ಬಿದ್ದಿತ್ತು.

“ಬಾರಪಾ ಅಮರೇಶಾ. ಸುಣ್ಣ ತಂದೀಯೇನು? ಈ ಸಲ ಬಾಗಲಿಗಷ್ಟ ಹಚ್ತೀಯೋ, ನನ್ನ ಹಣಿಗೂ ಹಚ್ತೀಯೋ?”

“ಯವ್ವಾ, ನಾ ಯಾರ ಹೆಸರೂ ಹೇಳಿದ್ದಿಲ್ಲ.”

“ಹೆಸರು ಯಾಕ ಬೇಕು? ಎರಡರ ತನಕ ಎಣಿಸಾಕ ಕಾವಲಿನವರಿಗೂ ಬರತೈತಿ. ನಮ್ಮವ್ವನ ಮನಿ ಹೆಪ್ಪದು. ನನ್ನ ಕಣ್ಣೆದುರಿಗೇ ಬೇಯಿಸಿದ್ರು.”

“ತಪ್ಪಾತು ಯವ್ವಾ. ಒಂದು ಚಮಚ ಇದ್ರ ಕೊಡು. ಹುಡುಗರು ಸಾಯಾಕ ಹತ್ಯಾವು.”

“ಇದ್ರ, ಅಂತೀಯಲ್ಲ. ನನ್ನ ಕಡೆ ಏನೈತಪಾ? ಆವತ್ತು ಖರೇ ಹೇಳಿದ್ನಿ. ಈಗ ಅದೂ ಖಾಲಿ ಆಗೇತಿ.”

ಒಳಗಿನಿಂದ ಹುಳಿಗಂಜಿಯ ವಾಸನೆ ಬರುತ್ತಿತ್ತು; ತೊಟ್ಟಿಯ ಗಂಜಿಗೆ ಆ ಹುಳಿ ಇಲ್ಲ. ನನಗೆ ಬಂತು, ಅಮರೇಶರಿಗೂ ಬಂತು. ಹುಲಿಗೆಮ್ಮ ಅಮರೇಶರ ಮುಖವನ್ನೇ ನೋಡುತ್ತಿದ್ದರು. ಅಮರೇಶ ಸುಣ್ಣದ ಡಬ್ಬಿ ತೆಗೆದು, ಬೆರಳು ಅದ್ದಿ, ಬಾಗಿಲಿಗೆ ಒಂದೇ ಬೊಟ್ಟು ಇಟ್ಟರು. ಹುಲಿಗೆಮ್ಮ ಒಳಗೆ ಹೋಗಿ ಕದ ಹಾಕಿಕೊಂಡರು.

ಆವತ್ತಿನಿಂದ ಅಮರೇಶ ದಿನವೂ ಹೋಗಿ ಆ ಹೊಸ್ತಿಲ ಬಳಿ ಕೂರುತ್ತಾರೆ. ಏನೂ ಕೇಳುವುದಿಲ್ಲ. ಇಂದು ಕದ ತುಸುವೇ ತೆರೆದು ಒಂದು ಲೋಟ ನೀರು ಹೊರಗೆ ಬಂತಂತೆ. ಗಂಜಿ ಬಂದಿಲ್ಲ. ನಾಲ್ಕನೇ ತೊಟ್ಟಿಯೂ ಕೆಡಲು ಶುರುವಾಗಿದೆ. ಮೂರುಮನೆಯಲ್ಲಿ ಸಬಿಹಾ ತೊಳೆದಿಟ್ಟ ಒಂದು ಖಾಲಿ ಶೀಷೆಯ ಮುಂದೆ ಕುಳಿತಿದ್ದಾರೆ. ಮನೆ ಯಾವುದೆಂದು ಅಮರೇಶ ಸಬಿಹಾಗೂ ಹೇಳಿಲ್ಲ. ಅದಕ್ಕಾಗಿ ಅವರು ಅಮರೇಶರ ಜೊತೆ ಮಾತು ಬಿಟ್ಟಿದ್ದಾರೆ.

ಇದನ್ನು ನಾನು ಗೋಡೆಯ ಮೇಲೆ ಬರೆದಿಲ್ಲ. ನಿಮಗೆ ಬರೆಯಬಹುದು, ಏಕೆಂದರೆ ನೀವು ಬಂದು ಆ ಮಡಿಕೆಯನ್ನು ಕಿತ್ತುಕೊಳ್ಳಲಾರಿರಿ. ಆದರೂ ಹೇಳಿಬಿಡುತ್ತೇನೆ: ಹುಲಿಗೆಮ್ಮ ಎಂಬುದು ಆ ತಾಯಿಯ ಹೆಸರಲ್ಲ, ಓಣಿ ಏಳನೇ ಮಜಲಿನದೂ ಅಲ್ಲ.

ನಿಮ್ಮ ಕಾಲದಲ್ಲೂ ಪ್ರಶ್ನೆ ಹಿಡಿದು, ರಕ್ತದ ಹನಿ ಕೇಳಿಕೊಂಡು ಜನರ ಬಾಗಿಲಿಗೆ ಹೋಗುವವರು ಇದ್ದೀರಿ ಎಂದು ಹಳೆಯ ಪತ್ರಿಕೆಗಳಲ್ಲಿ ಓದಿದ್ದೇನೆ. ನನ್ನ ಕೋರಿಕೆ ನಿಮಗೆ. ಮಾತು ಕೊಟ್ಟು ಹೊರಬಂದ ಮೇಲೆ ಒಮ್ಮೆ ಹಿಂತಿರುಗಿ ನಿಂತು, ಆ ಬಾಗಿಲ ಮೇಲೆ ಏನು ಬಿಟ್ಟುಬಂದಿದ್ದೀರಿ ಎಂದು ನೋಡಿ. ಅಳಿಸುವಂಥದ್ದಿದ್ದರೆ ಆಗಲೇ ಅಳಿಸಿಬಿಡಿ.

ಇಂತಿ,
ಆಳೂರು ಗೋಡೆಪತ್ರಿಕೆಯ ವರದಿಗಾರ